ಅದು ಮೊಳೆ ಅಲ್ಲ ಸಾರ್, ಸ್ಕ್ರೂ

43. ಎರಡು ಸಲ ಎಣಿಸಿದ್ದೇನೆ. ಮೊದಲ ಸಲ 41 ಬಂದಿತ್ತು. ಬೆಡ್‌ರೂಮ್ ಬಾಗಿಲ ಹಿಂದೆ ಇನ್ನೆರಡು ಅಡಗಿ ಕೂತಿದ್ದವು.

ಮೇಲಿನ ಮನೆಯವರು ಶನಿವಾರ ಖಾಲಿ ಮಾಡಿದರು. ಲಾರಿಗೆ ಕೊನೆಯ ಬಕೆಟ್ ಏರುವ ಮೊದಲೇ ನಾನು ಮೆಟ್ಟಿಲು ಹತ್ತಿದ್ದೆ. ಮನೆಯವರೆಲ್ಲ ಕೆಳಗಿದ್ದರು, ಆತ ಮಾತ್ರ ಕೀ ಹಿಡಿದು ಹಾಲ್‌ನಲ್ಲಿ ನಿಂತಿದ್ದ. ಅಡ್ವಾನ್ಸ್ ವಾಪಸ್ ಬರೋವರೆಗೂ ಕೀ ಕೊಡಲ್ಲ ಅಂತ ಬಾಯಲ್ಲಿ ಹೇಳಲಿಲ್ಲ, ಆದರೆ ಹಿಡಿದಿದ್ದ ರೀತಿ ಹಾಗಿತ್ತು. ಗೋಡೆ ನೋಡಿ ನನಗೆ ಎದೆ ಧಸಕ್ ಅಂತು. ಟಿವಿ ಇದ್ದ ಜಾಗ, ದೇವರ ಮಂಟಪ ಇದ್ದ ಜಾಗ, ಮಗುವಿನ ಡ್ರಾಯಿಂಗ್ ತೂಗಿಸಿದ ಜಾಗ, ಎಲ್ಲ ಕಡೆ ಮೊಳೆಗಳು ಸಾಲಾಗಿ ನಿಂತು ನನ್ನನ್ನೇ ನೋಡುತ್ತಿದ್ದವು.

"ಏನ್ರೀ ಇದು? ಮೊಳೆ ಹೊಡೀಬಾರದು ಅಂತ ಅಗ್ರಿಮೆಂಟ್‌ನಲ್ಲಿ ಇತ್ತಲ್ವಾ?"

"ಮೊಳೆ ಹೊಡೆದೇ ಇಲ್ಲ ಸಾರ್. ಇದು ಸ್ಕ್ರೂ. ಡ್ರಿಲ್ ಮಾಡಿ ತಿರುಗಿಸಿದ್ದು."

"ಇದು?"

"ಹುಕ್ ಸಾರ್."

"ಮತ್ತೆ ಇದು? ಇದಂತೂ ಮೊಳೆನೇ."

"ಅದು ನಿಮ್ಮದೇ ಸಾರ್. ನಾವು ಬಂದಾಗಲೇ ಇತ್ತು." ಸ್ವಲ್ಪ ತಡೆದು, ತುಂಬಾ ವಿನಯದಿಂದ ಕೇಳಿದ, "ಫೋಟೋ ಇದ್ಯಾ ಸಾರ್?"

ಫೋಟೋ ಇತ್ತು. ಎರಡೂವರೆ ವರ್ಷದ ಹಿಂದೆ ಕೀ ಕೊಟ್ಟ ದಿನ ತೆಗೆದದ್ದು. ಮೊಬೈಲ್‌ನಲ್ಲಿ ಹತ್ತು ನಿಮಿಷ ಹುಡುಕಿ ಗೆದ್ದವನ ಹಾಗೆ ತೆಗೆದೆ. ಅದರಲ್ಲಿ ನಾವಿಬ್ಬರೂ ಹಲ್ಲು ಕಿರಿದು ಕೈ ಕುಲುಕುತ್ತಿದ್ದೇವೆ. ಹಿಂದೆ ಅದೇ ಗೋಡೆ. ಆ ಮೊಳೆ ಇರಬೇಕಾದ ಜಾಗದಲ್ಲಿ ಸರಿಯಾಗಿ ನನ್ನ ತಲೆ.

ಆತ ಫೋಟೋ ಹಿಗ್ಗಿಸಿ ನೋಡಿದ. "ಆಗ ಸಾರ್‌ಗೆ ಕೂದಲು ಜಾಸ್ತಿ ಇತ್ತು" ಅಂದ.

ಮನೆ ಬಾಡಿಗೆಗೆ ಕೊಡುವವರು ಹುಷಾರಾಗಿರಬೇಕು ಅಂತ ನನಗೆ ಗೊತ್ತಿರಲಿಲ್ಲ ಅಂದ್ಕೋಬೇಡಿ. ನನ್ನ ಭಾವಮೈದ ಒಬ್ಬನಿದ್ದಾನೆ. ಸ್ವಂತ ಮನೆ ಇಲ್ಲ, ಆದರೆ ಮನೆ ಓನರ್‌ಗಳಿಗೆ ಬುದ್ಧಿ ಹೇಳೋದರಲ್ಲಿ ಎತ್ತಿದ ಕೈ. "11 ತಿಂಗಳಿಗೇ ಮಾಡ್ಸಿ ಭಾವ. ಒಂದು ದಿನ ಜಾಸ್ತಿ ಆದ್ರೂ ಮನೆ ಅವರದ್ದಾಗ್ಬಿಡುತ್ತೆ" ಅಂತ ಹೆದರಿಸಿದ್ದ. ಹಾಗೇನೂ ಇಲ್ಲ ಅಂತ ಆಮೇಲೆ ತಿಳೀತು. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಬಾಡಿಗೆ ಕೊಟ್ಟರೆ 1908ರ ನೋಂದಣಿ ಕಾಯ್ದೆ ಪ್ರಕಾರ ರಿಜಿಸ್ಟರ್ ಮಾಡಿಸಲೇಬೇಕು. ಆ ಖರ್ಚು, ಆ ಕ್ಯೂ ತಪ್ಪಿಸೋಕೆ ಊರಿಗೆಲ್ಲ 11 ತಿಂಗಳು. 12 ವರ್ಷ ಇದ್ದರೆ ಮನೆ ಬಾಡಿಗೆದಾರನದ್ದು ಅನ್ನೋದೂ ಅಂಥದ್ದೇ ಗುಮ್ಮ. ನಾವೇ ಒಪ್ಪಿ ಒಳಗೆ ಬಿಟ್ಟು, ತಿಂಗಳು ತಿಂಗಳು ಬಾಡಿಗೆ ಇಸ್ಕೊಳ್ತಿರುವಾಗ ಅದು ಅಷ್ಟು ಸುಲಭಕ್ಕೆ ಅವರದ್ದಾಗಲ್ಲ. ಬಾಡಿಗೆ ಬ್ಯಾಂಕಿಗೇ ಹಾಕಿಸಿಕೊಂಡರೆ ಲೆಕ್ಕಕ್ಕೆ ಲೆಕ್ಕ, ಸಾಕ್ಷಿಗೆ ಸಾಕ್ಷಿ.

ಅಗ್ರಿಮೆಂಟ್ ಮಾಡಿಸಿದ್ದು ನಮ್ಮ ಬನಶಂಕರಿಯಲ್ಲೇ, ಜೆರಾಕ್ಸ್ ಅಂಗಡಿಯಲ್ಲಿ. ಆ ಹುಡುಗ ಹಳೇ ಫೈಲ್ ತೆಗೆದು ಹೆಸರು, ವಿಳಾಸ, ಬಾಡಿಗೆ ಬದಲಾಯಿಸಿ ಐದು ನಿಮಿಷದಲ್ಲಿ ಇ-ಸ್ಟಾಂಪ್ ಪೇಪರ್ ಮೇಲೆ ಪ್ರಿಂಟ್ ಕೊಟ್ಟ. ನಾನು ಸೈನ್ ಹಾಕಿದೆ. ಮೊನ್ನೆ ಜಗಳದ ಮಧ್ಯೆ ಮೊದಲ ಬಾರಿಗೆ ಪೂರ್ತಿ ಓದಿದೆ. ಅದರ ಪ್ರಕಾರ ನನ್ನ ಆರ್‌ಸಿಸಿ ಮನೆಗೆ ಮಂಗಳೂರು ಹೆಂಚಿನ ಮಾಡು ಇದೆ. ಹಿತ್ತಲಲ್ಲಿ ಒಂದು ಸೇದುವ ಬಾವಿಯೂ ಇದೆ. ನಮ್ಮದು 30-40 ಸೈಟು. ಹಿತ್ತಲಲ್ಲಿ ಒಂದು ತುಳಸಿ ಕುಂಡ ಇಟ್ಟರೆ ಗೇಟು ತೆಗೆಯೋಕಾಗಲ್ಲ.

ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡ್ಕೊಳ್ಳೋದು ಬೆಂಗಳೂರಿನ ಹಳೇ ಪದ್ಧತಿ. ಅದಕ್ಕೆ ಆತ ಒಪ್ಪಿದ್ದ. ನಾನು ಮೊಳೆಗೆ ಬೇರೆ ಲೆಕ್ಕ ತೆಗೆದೆ. ತೂತು ಮುಚ್ಚೋದು, ಪುಟ್ಟಿ, ಕೂಲಿ. ಮಗ ಸೋಫಾದಲ್ಲಿ ಮಲಗಿದ್ದಲ್ಲಿಂದಲೇ, "ಅಪ್ಪಾ, 1882ರ ಆಸ್ತಿ ವರ್ಗಾವಣೆ ಕಾಯ್ದೆ ಪ್ರಕಾರ ಸಹಜವಾಗಿ ಸವೆದದ್ದಕ್ಕೆ ಬಾಡಿಗೆದಾರ ಹೊಣೆ ಅಲ್ಲ" ಅಂದ. 43 ತೂತು ಸಹಜ ಸವಕಳಿಯೇನೋ ಅಂತ ಕೇಳಿದೆ. "2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಮನೆಗೆ ಎರಡೇ ತಿಂಗಳ ಅಡ್ವಾನ್ಸ್ ಅಂತಿದೆ. ನೀನು ಆರು ತಗೊಂಡಿದ್ದೀಯ, ಸುಮ್ನೆ ಕೊಟ್ಬಿಡು" ಅಂದ. ಅವನ ಕಾಲೇಜು ಫೀಸ್ ಕಟ್ಟೋದು ಮೇಲಿನ ಮನೆ ಬಾಡಿಗೆಯಲ್ಲೇ. ಅದನ್ನು ಬಾಯಿ ಬಿಟ್ಟು ಹೇಳೋ ಹಾಗಿಲ್ಲ.

ಕೊನೆಗೆ ಕೊಟ್ಟೆ. ಆತ ಕೀ ಕೊಟ್ಟ, ಹೆಂಡತಿ ನಮ್ಮನೆಯವಳಿಗೆ ಒಂದು ಕುಂಡ ಕರಿಬೇವು ಕೊಟ್ಟಳು. ಆಮೇಲೆ ಲಾರಿ ಹೋಯಿತು. ಸ್ಕ್ರೂಗಳು ಉಳಿದವು.

ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಒಂದೊಂದಾಗಿ ಬಿಚ್ಚುತ್ತಾ ಕೂತಾಗ ಅಪ್ಪನ ನೆನಪಾಯಿತು. ನಾನು ಹುಟ್ಟಿ ಬೆಳೆದದ್ದು ತ್ಯಾಗರಾಜನಗರದ ವಠಾರದಲ್ಲಿ. ಆರು ಮನೆ, ಒಂದು ನಲ್ಲಿ, ಮುಂದಿನ ಮನೆಯಲ್ಲಿ ಓನರ್ ಅಜ್ಜಿ. ಅಜ್ಜಿಗೆ ಕಣ್ಣು ಮಂಜು, ಕಿವಿ ಮಾತ್ರ ಮೈಸೂರಿನವರೆಗೂ ಕೇಳೋದು. ಗೋಡೆಗೆ ಠಕ್ ಅಂದರೆ ಸಾಕು, ಕೋಲು ಕುಟ್ಟಿಕೊಂಡು ಬಂದುಬಿಡೋರು. ಅದಕ್ಕೆ ನಮ್ಮ ಮನೆಯಲ್ಲಿ ಮೊಳೆ ಹೊಡೆಯುವುದು ವರ್ಷಕ್ಕೆ ಒಂದೇ ಸಲ, ದೀಪಾವಳಿಗೆ. ಕ್ಯಾಲೆಂಡರ್‌ಗೆ ಒಂದು, ಅಪ್ಪನ ಅಂಗಿಗೆ ಒಂದು, ಅಮ್ಮನ ಮೊರಕ್ಕೆ ಒಂದು, ಎಲ್ಲ ಆಗಸ್ಟ್‌ನಿಂದಲೇ ಪಟ್ಟಿ ಆಗಿರೋದು. ಹೊರಗೆ ಪಟಾಕಿ ಹಚ್ಚೋದು ನನ್ನ ಕೆಲಸ. ಢಂ ಅಂದ ಕ್ಷಣಕ್ಕೆ ಒಳಗೆ ಅಪ್ಪ ಗುಂಡುಕಲ್ಲಲ್ಲಿ ಠಕ್.

ಒಂದು ವರ್ಷ ನನ್ನ ಪಟಾಕಿ ಠುಸ್ ಆಯಿತು. ಅಪ್ಪ ಹೊಡೆದೇಬಿಟ್ಟಿದ್ದರು. ಇಡೀ ವಠಾರ ಗಪ್‌ಚುಪ್.

"ಯಾರ ಮನೇಲಿ ಅದು?" ಅಜ್ಜಿಯ ದನಿ.

"ತೆಂಗಿನಕಾಯಿ ಒಡೆದೆ ಅಮ್ಮಾ!" ಅಂದರು ಅಪ್ಪ.

ಮನೆಯಲ್ಲಿ ಕಾಯಿ ಇರಲಿಲ್ಲ. ಅಮ್ಮ ಹಿಂದಿನ ಬಾಗಿಲಿಂದ ಓಡಿ, ಅಂಗಡಿಯಿಂದ ಒಂದು ತಂದು, ಒಡೆದು, ಅರ್ಧ ಹೋಳು ಅಜ್ಜಿಗೆ ಪ್ರಸಾದ ಅಂತ ಕೊಟ್ಟು ಬಂದರು. ಅಜ್ಜಿ ಹೋಳು ತಗೊಂಡು, "ಮೊಳೆ ಗಟ್ಟಿಯಾಗಿ ಕೂತಿದ್ಯೇನೇ?" ಅಂತ ಕೇಳಿದರಂತೆ. ಅಪ್ಪ ಇದನ್ನು ಕೊನೆಯವರೆಗೂ ಹೇಳಿಕೊಂಡು ನಗುತ್ತಿದ್ದರು. ಆ ಮನೆ ಬಿಟ್ಟ ದಿನ ಎಲ್ಲ ಮೊಳೆ ಕಿತ್ತು, ತೂತಿಗೆ ಸುಣ್ಣ ಮೆತ್ತಿ ಬಂದಿದ್ದರು. ಸ್ಕ್ರೂ ಅಂತ ವಾದ ಮಾಡಲಿಲ್ಲ.

ಇರಲಿ. ಈ ಸಲ ನಾನು ಬುದ್ಧಿ ಕಲಿತಿದ್ದೇನೆ. ಹೊಸಬರು ಬರುವ ಮೊದಲು ಮನೆಯ ಪ್ರತಿ ಗೋಡೆ, ನಲ್ಲಿ, ಸ್ವಿಚ್ಚು, ಕರೆಂಟ್ ಮೀಟರ್ ರೀಡಿಂಗ್ ಎಲ್ಲ ವಿಡಿಯೋ ಮಾಡಿದೆ. 14 ನಿಮಿಷದ ವಿಡಿಯೋ. ನನ್ನ ತಲೆ ಎಲ್ಲೂ ಇಲ್ಲ. ಕೊನೆಯ ಎರಡು ನಿಮಿಷ ಹಿನ್ನೆಲೆಯಲ್ಲಿ "ಸಾಕು ಬನ್ರೀ, ಉಪ್ಪಿಟ್ಟು ಆರ್ತಿದೆ" ಅನ್ನೋದು ಕೇಳುತ್ತೆ. ಸಾಕ್ಷಿಗೆ ಇನ್ನೊಬ್ಬರು ಇದ್ದರು ಅಂತ ಅದರಿಂದಲೇ ಗೊತ್ತಾಗುತ್ತೆ. ಫ್ಯಾನ್, ಟ್ಯೂಬ್‌ಲೈಟ್, ಗೀಸರ್ ಪಟ್ಟಿ ಮಾಡಿ ಇಬ್ಬರ ಸೈನೂ ಹಾಕಿಸಿದೆ. ಜೆರಾಕ್ಸ್ ಹುಡುಗನ ಪಕ್ಕದಲ್ಲೇ ಕೂತು ಬಾವಿ ಮುಚ್ಚಿಸಿದೆ, ಹೆಂಚು ಇಳಿಸಿದೆ. "ಮೊಳೆ, ಸ್ಕ್ರೂ, ಹುಕ್, ಕೊಕ್ಕೆ ಹಾಗೂ ಗೋಡೆಯ ಒಳಗೆ ಹೋಗುವ ಯಾವುದೇ ವಸ್ತು" ಅಂತ ಬರೆಸಿದೆ. ಹುಡುಗ, "ಕರೆಂಟ್ ವೈರ್ ಹೋಗಬಹುದಾ ಅಂಕಲ್?" ಅಂದ. ಹಾಳಾಗಿ ಹೋಗಲಿ, ಅದನ್ನೂ ಸೇರಿಸಿದೆ.

ನಿನ್ನೆ ಹೊಸಬರು ಹಾಲು ಉಕ್ಕಿಸಿದರು. ಗಂಡ, ಹೆಂಡತಿ, ಹುಡುಗನ ತಾಯಿ. ಪಾಯಸದ ಲೋಟ ಕೊಡುತ್ತಾ ಆ ತಾಯಿ, "ನಮ್ಮೆಜಮಾನರ ಕಾಲದ ಗೋಡೆ ಗಡಿಯಾರ ಒಂದಿದೆ. ಒಂದೇ ಒಂದು ಮೊಳೆ..." ಅಂತ ರಾಗ ಎಳೆದರು.

"ಅಗ್ರಿಮೆಂಟ್‌ನಲ್ಲಿ ಇಲ್ಲಮ್ಮ" ಅಂದೆ, ಗಟ್ಟಿಯಾಗಿ.

ದೀಪಾವಳಿಗೆ ಇನ್ನು ಮೂರು ವಾರ ಇದೆ. ಅಲ್ಲಿಯವರೆಗೆ ಗಡಿಯಾರ ಕಿಟಕಿ ಕಟ್ಟೆ ಮೇಲೆ ಕೂತಿರುತ್ತೆ.