ಕನ್ನಡಕ ಹಾಕಿ ಹೆದರಿಸುವುದಲ್ಲ ರೀ
ಯುದ್ಧ ಕಂಡು ನೊಂದ ಸೈನಿಕರಿಗೆ ಚಿಕಿತ್ಸೆ ಅಂತ ವಿಆರ್‌ನಲ್ಲಿ (ಕಣ್ಣಿಗೆ ಕನ್ನಡಕದಂಥ ಸಾಧನ ಹಾಕಿ, ಅಲ್ಲೇ ಇದ್ದೇವೆ ಅನ್ನಿಸುವಂತೆ ದೃಶ್ಯ ತೋರಿಸುವ ತಂತ್ರ) ಮತ್ತೆ ಅದೇ ಯುದ್ಧ ತೋರಿಸುವುದು ಕ್ರೌರ್ಯ ಅಂತ ಕೆಲವರು ಅಂದಿದ್ದಾರೆ. ಹಾಗಲ್ಲ, ಸುಮ್ನೆ ಸಿನಿಮಾ ಹಾಕಿ ಕೂರಿಸುವುದಿಲ್ಲ. ಸೈನಿಕ ನಡೆದದ್ದನ್ನು ತಾನೇ ಹೇಳುತ್ತಾ ಹೋದಂತೆ ಪಕ್ಕದಲ್ಲಿ ಕೂತ ಥೆರಪಿಸ್ಟ್ ಹೆಲಿಕಾಪ್ಟರ್ ಸದ್ದು, ಗುಂಡಿನ ಶಬ್ದ ಒಂದೊಂದಾಗಿ ಸೇರಿಸುತ್ತಾರೆ, ಜಾಸ್ತಿ ಆಯ್ತು ಅಂದರೆ ಇಳಿಸುತ್ತಾರೆ. ಅಮೆರಿಕದ ಬ್ರೇವ್‌ಮೈಂಡ್ ಅನ್ನುವ ಇಂಥ ವಿಆರ್ ಚಿಕಿತ್ಸಾ ವ್ಯವಸ್ಥೆಯಲ್ಲಂತೂ ಡೀಸೆಲ್, ಸುಟ್ಟ ರಬ್ಬರ್ ವಾಸನೆಯೂ ಇದೆ!

ನಮ್ಮ ಗದಗಿನ ಓಣಿಯ, ಸೇನೆಯಲ್ಲಿದ್ದ ಹವಾಲ್ದಾರ್ ಕಾಕಾ ದೀಪಾವಳಿ ಬಂತೆಂದರೆ ಪಟಾಕಿ ಸದ್ದು ಕೇಳಬಾರದೆಂದು ಬಾಗಿಲು ಹಾಕಿಕೊಂಡು ಟಿವಿ ಜೋರಾಗಿ ಇಟ್ಟು ಕೂರುತ್ತಾರೆ. ಅವರ ಸ್ವಭಾವವೇ ಹಾಗೆ ಅಂತಾರೆ ಮನೆಯವರು. ವಿಆರ್ ಬಿಡಿ, ಧಾರವಾಡದ ಮಾನಸಿಕ ಆರೋಗ್ಯದ ಆಸ್ಪತ್ರೆ ಡಿಮ್ಹಾನ್ಸ್‌ಗೆ ಹೋಗೋಣ ಅಂದರೂ ಜನ ಏನಂತಾರೋ ಅನ್ನುವ ಚಿಂತೆ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಮನೆಯಿಂದಲೇ ಫೋನ್ ಮಾಡಬಹುದಲ್ವಾ, ಪುಕ್ಕಟೆ, ಕನ್ನಡದಲ್ಲೇ ಮಾತಾಡುತ್ತಾರೆ.