ಟೋಕಿಯೋದ ಆ ಪಂದ್ಯ ಬಿಟ್ಟುಹೋಗಬಾರದಿತ್ತು

ಡೈನಮೈಟ್ ಕಿಡ್ ಎಂಬ ಹೆಸರಲ್ಲಿ ಆಡುತ್ತಿದ್ದ ಬ್ರಿಟಿಷ್ ವೃತ್ತಿಪರ ಕುಸ್ತಿಪಟು ಟಾಮ್ ಬಿಲಿಂಗ್ಟನ್ ಬಗ್ಗೆ ನಿಮ್ಮ ಲೇಖನವನ್ನು ಕನ್ನಡದಲ್ಲಿ ಓದಿ ಖುಷಿಯಾಯ್ತು. ಆದರೆ ಅದರಲ್ಲಿ ಡೇವಿ ಬಾಯ್ ಸ್ಮಿತ್ ಜೊತೆಗಿನ ಅವನ ಬ್ರಿಟಿಷ್ ಬುಲ್‌ಡಾಗ್ಸ್ ಜೋಡಿಯದ್ದೇ ಮಾತು ಜಾಸ್ತಿ, ಜಪಾನಿಗೆ ಒಂದೇ ಸಾಲು. ಅವನು ಕುಸ್ತಿಯನ್ನೇ ಬದಲಾಯಿಸಿದ್ದು ಅಲ್ಲೇ ಅಲ್ವಾ? 1981ರ ಏಪ್ರಿಲ್‌ನಲ್ಲಿ ಟೋಕಿಯೋದಲ್ಲಿ ಜಪಾನಿನ ಮುಖವಾಡದ ಕುಸ್ತಿಪಟು ಟೈಗರ್ ಮಾಸ್ಕ್ ಮೊದಲ ಸಲ ಕಣಕ್ಕಿಳಿದಾಗ ಎದುರಿಗಿದ್ದವನು ಇವನೇ. ಆ ವಿಡಿಯೋ ಹುಡುಕಿ ನೋಡಿ. ಎದುರಾಳಿಯ ಒದೆತಕ್ಕೆ ಇವನು ಬೀಳುವ ರೀತಿ ನೋಡಿ. ಮೈ ಉಳಿಸಿಕೊಳ್ಳುವ ಯೋಚನೆಯೇ ಇಲ್ಲ. ಸಣ್ಣ ಮೈಕಟ್ಟಿನವರೂ ದೊಡ್ಡ ಹೆಸರು ಮಾಡಬಹುದು ಅಂತ ತೋರಿಸಿದ್ದು ಇವರಿಬ್ಬರ ಪಂದ್ಯಗಳು.

ಅದಕ್ಕೆ ತೆತ್ತ ಬೆಲೆಯೂ ಭಾರಿ. ಮೇಲಿನ ಹಗ್ಗದಿಂದ ಹಾರಿ ತಲೆಯಿಂದ ಗುದ್ದುವುದು ಅವನ ಹೆಗ್ಗುರುತು. ಪ್ರತಿ ಸಲವೂ ಪೆಟ್ಟು ಅವನ ಬೆನ್ನಿಗೂ ಬೀಳುತ್ತಿತ್ತು. ಜೊತೆಗೆ ಸ್ಟೀರಾಯ್ಡ್, ನೋವಿನ ಮಾತ್ರೆ. 1986ರಲ್ಲಿ ಬೆನ್ನಿಗೆ ಭಾರಿ ಗಾಯವಾಯಿತು. 1997ರ ಹೊತ್ತಿಗೆ ಗಾಲಿಕುರ್ಚಿ. 2018ರಲ್ಲಿ, 60ನೇ ಹುಟ್ಟುಹಬ್ಬದ ದಿನವೇ ತೀರಿಕೊಂಡ.

ಜೊತೆಯ ಕುಸ್ತಿಪಟುಗಳಿಗೆ ಅವನು ಕೊಟ್ಟ ಕಾಟವನ್ನು ಲೇಖನ ಸುಮ್ನೆ 'ತುಂಟತನ' ಅಂದುಬಿಟ್ಟಿದೆ. ಅದು ಕ್ರೌರ್ಯ. ಅವನ ಕುಸ್ತಿ ನನಗೆ ಪ್ರಾಣ, ಆದರೂ ಅದನ್ನು ಹಾಗೇ ಬರೆಯಬೇಕಿತ್ತು.