ಭಾಷೆ ಬೇಕಾಗುವುದು ಕೆಟ್ಟ ದಿನಕ್ಕೆ

ಜಪಾನಿಗೆ ಹೋಗಿ ಬಂದ ನಮ್ಮವರೆಲ್ಲ ಒಂದು ಮಾತು ಹೇಳುತ್ತಾರೆ: "ಅಲ್ಲಿ ಭಾಷೆ ಬರದಿದ್ದರೂ ಏನೂ ತೊಂದರೆಯಿಲ್ಲ, ಎಲ್ಲಾ ಅಷ್ಟು ಅಚ್ಚುಕಟ್ಟು." ಟೋಕಿಯೊ, ಕ್ಯೋಟೊ, ಒಸಾಕಾ ನೋಡಿಕೊಂಡು ಬಂದವರ ಮಾತಿದು, ಸುಳ್ಳೇನಲ್ಲ. ಟೋಕಿಯೊದ ಸುರಂಗ ರೈಲು ನಿಲ್ದಾಣಗಳಿಗೆ 2004ರಿಂದ ಅಕ್ಷರದ ಜೊತೆ ಅಂಕಿ ಕೊಟ್ಟಿದ್ದಾರೆ. ಗಿನ್ಜಾ ಅನ್ನುವುದನ್ನು ಓದಲು ಬಾರದವನೂ ಜಿ 09 ನೋಡಿ ಇಳಿದುಕೊಳ್ಳಬಹುದು. ಆದರೆ ಇವೆಲ್ಲ ಗಾಡಿ ಸರಿಯಾಗಿ ಓಡುವ ದಿನದ ಸೌಕರ್ಯ. ಗಾಡಿ ನಿಂತ ದಿನ ಏನು ಗತಿ ಎಂಬುದನ್ನು ಈ ಹೊಗಳುವವರು ಯಾರೂ ಹೇಳುವುದಿಲ್ಲ. ಬಹುಶಃ ಅವರ ಗಾಡಿ ನಿಂತಿರಲಿಕ್ಕಿಲ್ಲ.

ನಮ್ಮದು ನಿಂತಿತು. ಜೂನ್ ತಿಂಗಳು, ಅಲ್ಲಿಯೂ ಮಳೆಗಾಲವೇ. ಒಕಾಯಾಮಾದಲ್ಲಿ ಬೆಳಿಗ್ಗೆ ಗಾಡಿ ಹತ್ತಿ, 1988ರಲ್ಲಿ ತೆರೆದ ಸೆಟೊ ಮಹಾಸೇತುವೆ ದಾಟಿ ಶಿಕೊಕು ದ್ವೀಪಕ್ಕೆ ಬಂದು, ಮತ್ಸುಯಾಮಾದಲ್ಲಿ ಒಮ್ಮೆ, ಉವಾಜಿಮಾದಲ್ಲಿ ಇನ್ನೊಮ್ಮೆ ಗಾಡಿ ಬದಲಿಸಿ, ಯೊದೊ ಎಂಬ ಸಣ್ಣ ಮಾರ್ಗದಲ್ಲಿ ಸಂಜೆಯೊಳಗೆ ಕುಬೊಕಾವಾ ಸೇರಬೇಕಿತ್ತು. ಆ ಮಾರ್ಗದಲ್ಲಿ ದಿನಕ್ಕೆ ಓಡುವುದು ಬೆರಳೆಣಿಕೆಯ ಗಾಡಿಗಳು. ನಡುವೆ ಒಂದು ಸಣ್ಣ ನಿಲ್ದಾಣದಲ್ಲಿ ಇಳಿದು ಶಿಮಾಂತೊ ನದಿ ನೋಡೋಣ ಎಂದದ್ದು ನನ್ನ ಹೆಂಡತಿ. ನದಿ ಚೆನ್ನಾಗಿತ್ತು. ಮುಂದಿನ ಗಾಡಿಗೆ ಗಂಟೆಗಟ್ಟಲೆ ಕಾದೆವು.

ಭಾಷೆ ಬಾರದ ಕಡೆ ಸುತ್ತಿದಾಗ ಆಗುವ ಸುಸ್ತೇ ಬೇರೆ. ಮೂವತ್ತು ಕೇಜಿ ಸೂಟ್‌ಕೇಸ್ ಎಳೆದರೂ ಹಾಗಾಗುವುದಿಲ್ಲ. ಮುಂಬಯಿಯಲ್ಲಿ ನಾನು ಲೋಕಲ್ ಹತ್ತಿದಾಗ ಕಣ್ಣು ಮುಚ್ಚಿಕೊಂಡು ನಿಂತಿದ್ದರೂ ಅರ್ಧ ವಿಷಯ ಕಿವಿಗೇ ಬಂದು ಬೀಳುತ್ತದೆ. ಪಕ್ಕದವನು ಫೋನಿನಲ್ಲಿ "ಗಾಡಿ ಲೇಟು, ದಾದರ್ ಬರಲಿಲ್ಲ ಇನ್ನೂ" ಅನ್ನುತ್ತಾನೆ. ಇನ್ನೊಬ್ಬ ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆಂದು ಯಾರಿಗೋ ಹೇಳುತ್ತಾನೆ. ನಾನು ಕೇಳಿದ್ದೂ ಇಲ್ಲ, ಅವರು ನನಗೆ ಹೇಳಿದ್ದೂ ಇಲ್ಲ, ಆದರೂ ತಿಳಿಯಿತು. ಜಪಾನಿನಲ್ಲಿ ಆ ಕಿವಿಯ ಕೆಲಸವನ್ನೂ ಕಣ್ಣೇ ಮಾಡಬೇಕು. ಫಲಕ, ಗಡಿಯಾರ, ನಕ್ಷೆ, ಮೊಬೈಲು, ಮತ್ತೆ ಫಲಕ. ಒಂದು ನಿಮಿಷ ತೂಕಡಿಸಿದರೂ ಏನೋ ತಪ್ಪಿಹೋಯಿತೇನೋ ಎಂಬ ದಿಗಿಲು. ಸಾಯಂಕಾಲದ ಹೊತ್ತಿಗೆ ಕಣ್ಣುರಿ, ತಲೆಭಾರ.

ಆ ಸಣ್ಣ ಗಾಡಿಯ ಕ್ರಮವನ್ನು ಸ್ವಲ್ಪ ಹೇಳಬೇಕು. ಒಂದೇ ಡಬ್ಬಿ, ಕಂಡಕ್ಟರ್ ಇಲ್ಲ, ಎಲ್ಲವೂ ಚಾಲಕನೇ. ಹಿಂದಿನ ಬಾಗಿಲಲ್ಲಿ ಹತ್ತಬೇಕು. ಹತ್ತುವಾಗ ಅಲ್ಲಿರುವ ಯಂತ್ರದಿಂದ ಒಂದು ಚೀಟಿ ಎಳೆದುಕೊಳ್ಳಬೇಕು, ಅದರ ಮೇಲೆ ಹತ್ತಿದ ನಿಲ್ದಾಣದ ಅಂಕಿ. ಚಾಲಕನ ತಲೆಯ ಮೇಲೆ ಒಂದು ಹಲಗೆ, ಅದರಲ್ಲಿ ಮನೆ ಮನೆಯಾಗಿ ಅಂಕಿಗಳು. ಗಾಡಿ ಮುಂದೆ ಹೋದಂತೆ ಪ್ರತಿ ಅಂಕಿಯ ಕೆಳಗಿನ ದರ ಏರುತ್ತಾ ಹೋಗುತ್ತದೆ. ಇಳಿಯುವಾಗ ಮುಂದಿನ ಬಾಗಿಲಿಗೆ ಬಂದು, ಚೀಟಿಯನ್ನೂ ಸರಿಯಾದ ಚಿಲ್ಲರೆಯನ್ನೂ ಚಾಲಕನ ಪಕ್ಕದ ಡಬ್ಬಕ್ಕೆ ಹಾಕಬೇಕು. ಚಿಲ್ಲರೆ ಇಲ್ಲದಿದ್ದರೆ ಪಕ್ಕದಲ್ಲೇ ನೋಟು ಮುರಿಸುವ ಯಂತ್ರ. ನಗರದಲ್ಲಿ ಗೇಟಿಗೆ ತಾಗಿಸಿಕೊಂಡು ಓಡಾಡುತ್ತಿದ್ದ ಕಾರ್ಡು ಈ ಮಾರ್ಗದಲ್ಲಿ ನಡೆಯುವುದಿಲ್ಲ. ಚಿಲ್ಲರೆ ಎಣಿಸಲು ಕೂತರೆ ಅಲ್ಲೊಂದು ತಮಾಷೆ: ಜಪಾನಿನ ಉಳಿದೆಲ್ಲ ನಾಣ್ಯಗಳ ಮೇಲೆ ನಮಗೆ ಗೊತ್ತಿರುವ ಅಂಕಿಗಳಿವೆ, ನಡುವೆ ತೂತಿರುವ ಐದು ಯೆನ್ ನಾಣ್ಯದ ಮೇಲೆ ಮಾತ್ರ ಇಲ್ಲ, ಅವರ ಲಿಪಿಯಲ್ಲಷ್ಟೇ ಬರೆದಿದೆ. ಐವತ್ತರ ನಾಣ್ಯಕ್ಕೂ ತೂತಿದೆ. "ಹಳದಿದು ಐದು, ಬೆಳ್ಳಗಿರೋದು ಐವತ್ತು, ಅಷ್ಟು ನೆನಪಿಟ್ಕೊಳ್ರಿ" ಎಂದು ಇವಳು ಗೊತ್ತು ಮಾಡಿಕೊಟ್ಟಳು.

ಈ ವ್ಯವಸ್ಥೆಯಲ್ಲಿ ನನಗೆ ಯಾವ ಹುಳುಕೂ ಕಾಣುವುದಿಲ್ಲ. ಒಬ್ಬರೊಡನೆಯೂ ತುಟಿ ಬಿಚ್ಚದೆ ಹತ್ತಿ, ದುಡ್ಡು ಕೊಟ್ಟು, ಇಳಿದು ಹೋಗಬಹುದು. ದಿನಾ ಓಡಾಡುವ ಊರವರಿಗೆ ಇದು ಕರತಲಾಮಲಕ, ಹೊಸಬನೂ ಒಂದು ಸಲ ನೋಡಿದರೆ ಕಲಿಯುತ್ತಾನೆ.

ಕತ್ತಲಾಗುವ ಮುಂಚೆ ಮಳೆ ಜೋರಾಯಿತು. ಒಂದು ನಿಲ್ದಾಣದಲ್ಲಿ ನಿಂತ ಗಾಡಿ ಮುಂದೆ ಹೋಗಲಿಲ್ಲ. ಚಾಲಕ ಮೈಕಿನಲ್ಲಿ ಏನೋ ದೀರ್ಘವಾಗಿ ಹೇಳಿದ. ಡಬ್ಬಿಯಲ್ಲಿದ್ದ ನಾಲ್ಕಾರು ಜನ ಕೇಳಿಸಿಕೊಂಡರು. ಯಾರೂ ಗೊಣಗಲಿಲ್ಲ, ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಒಬ್ಬಳು ಮುದುಕಿ ಚೀಲದ ಬಾಯಿ ಕಟ್ಟಿದಳು, ಅಷ್ಟೇ. ನಮ್ಮಲ್ಲಾದರೆ ಭಾಷೆ ತಿಳಿಯದಿದ್ದರೂ ಜನರ ಮುಖ ನೋಡಿ ಅಂದಾಜು ಮಾಡಬಹುದಿತ್ತು, ಹತ್ತು ನಿಮಿಷದ ಮಾತೋ ರಾತ್ರಿಯಿಡೀ ಇಲ್ಲೇ ಬೀಡೋ ಎಂದು. ಇಲ್ಲಿ ಮುಖವೂ ಮೌನ. ಫಲಕಕ್ಕೆ ಹಿಡಿದರೆ ಅನುವಾದಿಸಿ ಕೊಡುತ್ತಿದ್ದ ಮೊಬೈಲು, ಹಳೇ ಸ್ಪೀಕರಿನ ಗೊಗ್ಗರು ದನಿಯ ಮುಂದೆ ಕೈಚೆಲ್ಲಿತು. ಬೆಳಗಿನ ದೊಡ್ಡ ಗಾಡಿಯಲ್ಲಿ ಇಂಗ್ಲಿಷಿನಲ್ಲೂ ಘೋಷಣೆ ಇತ್ತು, ಮುಂದಿನ ನಿಲ್ದಾಣ ಯಾವುದು ಎಂದು ಹೇಳುವ ಮುದ್ರಿತ ದನಿ. ಇಂದಿನ ಮಳೆಗೆ ಗಾಡಿ ಏಕೆ ನಿಂತಿತು, ಎಷ್ಟು ಹೊತ್ತು ಎಂಬುದನ್ನು ಮೊದಲೇ ಯಾರು ಮುದ್ರಿಸಿಟ್ಟಾರು?

"ಬಾಯಿದ್ದವನು ಬರಗಾಲದಲ್ಲೂ ಬದುಕುತ್ತಾನೆ" ಎನ್ನುವ ನಾಡಿನಿಂದ ಬಂದವರು ನಾವು. ಅಕ್ಷರ ಬಾರದ ಅಜ್ಜಿಯರು ಕೇಳಿಕೊಂಡೇ ಕಾಶಿಗೆ ಹೋಗಿಬಂದಿದ್ದಾರೆ. 2005ರ ಜುಲೈ 26ರಂದು ಮುಂಬಯಿಯ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ಲೋಕಲ್‌ಗಳೆಲ್ಲ ನಿಂತಾಗ, ಹಳಿಗುಂಟ ಮೊಣಕಾಲುದ್ದ ನೀರಿನಲ್ಲಿ ನಡೆದವರಲ್ಲಿ ನಾನೂ ಒಬ್ಬ. ಅಂದು ದಾರಿಯುದ್ದಕ್ಕೂ ಸುದ್ದಿ ಹರಿದಾಡುತ್ತಿತ್ತು: ಕುರ್ಲಾದಲ್ಲಿ ಬಸ್ ಇದೆಯಂತೆ, ಇಲ್ಲವಂತೆ, ಥಾಣೆಯಿಂದ ಗಾಡಿ ಬಿಟ್ಟರಂತೆ. ಅರ್ಧಕ್ಕರ್ಧ ಸುಳ್ಳು. ಗೊತ್ತಿಲ್ಲ ಎಂದು ಹೇಳುವುದು ನಮ್ಮವರಿಗೆ ಅವಮಾನ. ದಾರಿ ಕೇಳಿದರೆ ಗೊತ್ತಿಲ್ಲದಿದ್ದರೂ ಕೈ ಎತ್ತಿ ಒಂದು ದಿಕ್ಕು ತೋರಿಸಿಬಿಡುತ್ತಾರೆ. ಆದರೂ ಆ ರಾತ್ರಿ ಯಾರೂ ಒಂಟಿಯಾಗಿರಲಿಲ್ಲ. ಹಾದಿಬದಿಯ ಮನೆಯವರು ಕರೆದು ಚಹ ಬಿಸ್ಕತ್ತು ಕೊಟ್ಟರು.

ಹಾಗಂತ ನಮ್ಮದೇ ಮೇಲು ಎಂದು ಷರಾ ಬರೆಯಲಾರೆ. ಬಾಯಿಯ ವ್ಯವಸ್ಥೆ ನಡೆಯುವುದು ಬಾಯಿ ಕೂಡಿದವರ ನಡುವೆ. ಹಿಂದಿಯಾಗಲಿ ಮರಾಠಿಯಾಗಲಿ ತಿಳಿಯದ ಒಬ್ಬ ಜಪಾನೀಯನನ್ನು ಆ ರಾತ್ರಿ ಕುರ್ಲಾದಲ್ಲಿ ನಿಲ್ಲಿಸಿದ್ದರೆ, ಅವನ ಪಾಲಿಗೆ ಅದು ಬರೀ ಗದ್ದಲ.

ಆ ಚಾಲಕ ಮಾಡಿದ್ದನ್ನು ನೋಡಿ. ಮೈಕ್ ಇಟ್ಟು ಎದ್ದು ನಮ್ಮ ಬಳಿ ಬಂದ, ಟೋಪಿ ತೆಗೆದು ಬಾಗಿದ, ಏನೋ ಹೇಳಿದ, ನಮಗೆ ತಿಳಿಯಲಿಲ್ಲವೆಂದು ಗೊತ್ತಾಯಿತು. ಅದನ್ನೇ ಇನ್ನಷ್ಟು ಗಟ್ಟಿಯಾಗಿ ಹೇಳಲಿಲ್ಲ (ನಾವು ಮಾಡುವುದು ಅದನ್ನೇ ಅಲ್ಲವೇ?). ಜೇಬಿನಿಂದ ಕಾಗದ ತೆಗೆದು ಒಂದು ರೈಲಿನ ಚಿತ್ರ ಬರೆದು ಅದರ ಮೇಲೆ ಕಾಟು ಹೊಡೆದ. ಪಕ್ಕದಲ್ಲಿ ಒಂದು ಬಸ್ಸು, ನಾಲ್ಕು ಚಕ್ರ, ಒಂದು ಬಾಣ, ಬಾಣದ ತುದಿಗೆ ಕೆ 26. ಅದು ಕುಬೊಕಾವಾ ನಿಲ್ದಾಣದ ಸಂಖ್ಯೆ. ಬಸ್ಸಿನ ಕೆಳಗೆ 19:40. ಬಸ್ಸು ಬಂದಿತು, ಬೇರೆ ಟಿಕೆಟ್ ಕೇಳಲಿಲ್ಲ.

ಹೋಟೆಲ್ ಸೇರಿದ ಮೇಲೆ ಇವಳ ಅಭಿಪ್ರಾಯ ಹೀಗಿತ್ತು: ಮುಂದಿನ ಸಲ ಹತ್ತು ವಾಕ್ಯ ಬಾಯಿಪಾಠ ಮಾಡಿಕೊಂಡು ಬರೋಣ. ನಾನು ಒಪ್ಪಲಿಲ್ಲ. ಹತ್ತು ವಾಕ್ಯದಿಂದ ಪ್ರಶ್ನೆ ಕೇಳಬಹುದು, ಉತ್ತರ ತಿಳಿಯಬೇಡವೇ? ಪ್ರಶ್ನೆಯನ್ನು ಅವರ ಭಾಷೆಯಲ್ಲಿ ಸರಿಯಾಗಿ ಕೇಳಿಬಿಟ್ಟರೆ ಇವರಿಗೆ ಬರುತ್ತದೆಂದುಕೊಂಡು ಉತ್ತರ ಇನ್ನೂ ಉದ್ದ ಬರುತ್ತದೆ. ನಮಸ್ಕಾರ, ಧನ್ಯವಾದ ಕಲಿಯುವುದು ಮರ್ಯಾದೆಗೆ ಬೇಕು, ಕಷ್ಟಕ್ಕೆ ಆಗಿಬರುವುದಿಲ್ಲ.

ಆ ದಿನ ನಮ್ಮನ್ನು ದಡ ಮುಟ್ಟಿಸಿದ್ದು ಅಂಕಿಗಳು. ನಮ್ಮಲ್ಲಿ ಫಲಕದ ಮೇಲಿನ ಭಾಷೆಗೆ ಎಷ್ಟು ಕಾದಾಟ! ಬೆಂಗಳೂರಾಗಲಿ ಮುಂಬಯಿಯಾಗಲಿ, ನೆಲದ ಭಾಷೆ ಮೇಲೆ ದೊಡ್ಡದಾಗಿಯೇ ಇರಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಜಪಾನೀಯರೂ ತಮ್ಮ ಲಿಪಿಯನ್ನು ಒಂದಿಂಚೂ ಕುಗ್ಗಿಸಿಲ್ಲ. ಪಕ್ಕದಲ್ಲೊಂದು ಅಂಕಿ ಇಟ್ಟಿದ್ದಾರೆ, ಅದರಿಂದ ಯಾರ ಭಾಷೆಗೂ ಕುಂದಾಗಿಲ್ಲ. ಮುಂಬಯಿಗೆ ಬಂದ ಹೊಸತರಲ್ಲಿ ನಾನು ಮರಾಠಿ ಕಲಿಯುವ ಮೊದಲು ಕಲಿತದ್ದು ಲೋಕಲ್‌ನ ಹಣೆಯ ಮೇಲಿನ ಅಕ್ಷರಗಳನ್ನು, ಕಲ್ಯಾಣಕ್ಕೆ ಕೆ, ಥಾಣೆಗೆ ಟಿ. ಒಡಿಶಾದಿಂದಲೋ ಬಿಹಾರದಿಂದಲೋ ಕೂಲಿಗೆಂದು ಮೆಜೆಸ್ಟಿಕ್‌ನಲ್ಲಿ ಬಂದಿಳಿದವನಿಗೂ ಅಂಥದೊಂದು ಹಿಡಿಕೆ ಸಿಕ್ಕರೆ ಸಾಕು. ಕನ್ನಡವನ್ನು ಅವನು ಆಮೇಲೆ ನಿಧಾನವಾಗಿ ಕಲಿಯಲಿ, ಕಲಿಯಲೇಬೇಕು.

ಇನ್ನು ಗಾಡಿ ನಿಂತ ದಿನದ ಮಾತು. ಅದಕ್ಕೆ ಹೊಸ ತಂತ್ರಜ್ಞಾನ ಏನೂ ಬೇಕಿಲ್ಲ. ಒಂದು ಕರಿಹಲಗೆ, ಒಂದು ಸೀಮೆಸುಣ್ಣ. ಯಾವ ಗಾಡಿ ಇಲ್ಲವೋ ಅದಕ್ಕೊಂದು ಕಾಟು, ಯಾವುದು ಎಷ್ಟು ಗಂಟೆಗೆ ಎಂಬುದು ಅಂಕಿಯಲ್ಲಿ, ಬಸ್ಸು ಎಲ್ಲಿ ನಿಲ್ಲುತ್ತದೆ ಎಂಬುದಕ್ಕೊಂದು ಬಾಣ. ಮೈಕಿನಲ್ಲಿ ಮೂರು ಭಾಷೆಯಲ್ಲಿ ಕ್ಷಮೆ ಕೇಳುವುದನ್ನು ಅದಾದ ಮೇಲೆ ಇಟ್ಟುಕೊಳ್ಳಲಿ.